ಕೂಸಿನ ಕಣ್ಣು ಕಡೆಗೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಮೋಕ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಅವ್ವ ಮಣ್ಣಿನ ಎತ್ತುಗಳಿಗೆ ಪೂಜೆ ಮಾಡಿ, ಕಡುಬು ಬೇಯಿಸಿ, ನನ್ನನ್ನು ಊಟಕ್ಕೆ ಕೂಗಲು ಹೊರಗೆ ಬರುವಷ್ಟರಲ್ಲಿ ನಾನು ಬಳ್ಳಾರಿ ಬಸ್ಸಿನಲ್ಲಿ ಕೂತಾಗಿತ್ತು. ಸಾಲಿ ಆರನೇ ಕ್ಲಾಸಿಗೇ ಸಾಕಾಗಿತ್ತು. ಅಮಾವಾಸ್ಯೆಯ ದಿನ ಯಾರೂ ಊರು ಬಿಟ್ಟು ಹೊರಡುವುದಿಲ್ಲ. ಹಾಗಾಗಿ ಕಿಟಕಿ ಸೀಟು ಸಿಕ್ಕಿತು. ಅವತ್ತಿನಿಂದ ನನ್ನ ಕಾಲು ಒಂದು ಕಡೆ ನಿಂತಿಲ್ಲ. ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ಬೆನ್ನ ಮೇಲೆ ಯಾರೋ ತಣ್ಣನೆಯ ಬೆರಳು ಇಟ್ಟ ಹಾಗಾಗುತ್ತದೆ. ಆಮೇಲೆ ನಾಲ್ಕು ಜನರಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಒಂದು ಸಲ ಹಿಂದೆ ತಿರುಗಿ ನೋಡಿಕೊಂಡು.

ಬಳ್ಳಾರಿಯಲ್ಲಿ ಬೋರ್ಡು ಬರೆಯುವ ಪೇಂಟರ್ ಗುರುಗಳೊಬ್ಬರ ಹತ್ತಿರ ಬ್ರಷ್ ತೊಳೆಯುತ್ತ ಸೇರಿಕೊಂಡೆ. ಲಾರಿಯ ಹಿಂದೆ ಹುಲಿ, ಸಲೂನಿನ ಗಾಜಿಗೆ ಹೀರೋ, ಹೀಗೆ ನಡೆದಿತ್ತು. ಆಮೇಲೆ ಫ್ಲೆಕ್ಸು ಬಂತು, ಹುಲಿಯೂ ಹೋಯಿತು, ಹೀರೋನೂ ಹೋದ. ಗುರುಗಳು ಅಂಗಡಿ ಮುಚ್ಚುವ ಮುಂಚೆ ನನಗೆ ಇದ್ದಿಲಿನಲ್ಲಿ ಮುಖ ಬರೆಯುವುದನ್ನು ಕಲಿಸಿದರು. ಈಗ ನನ್ನ ಅನ್ನ ಅದರಲ್ಲೇ. ಅದರಲ್ಲೂ ಕೂಸಿನ ಚಿತ್ರ. ಮೊಬೈಲಿನ ತುಂಬ ಕೂಸಿನ ಫೋಟೋ ಇದ್ದರೂ, ತೊಟ್ಟಿಲ ಕಾರ್ಯಕ್ಕೆ, ವರ್ಷದ ಹುಟ್ಟುಹಬ್ಬಕ್ಕೆ ಗೋಡೆಯ ಮೇಲೆ ಒಂದು ಇದ್ದಿಲಿನ ಕೂಸು ಇರಬೇಕು ಅಂತ ಜನಕ್ಕೆ ಈಚೆಗೆ ಆಸೆ ಹತ್ತಿದೆ.

ಕೂಸನ್ನು ಇದ್ದಂತೆಯೇ ಬರೆಯುವುದು ಬಲು ಕಷ್ಟ. ಮುದುಕರ ಮುಖದಲ್ಲಿ ಗೆರೆಗಳಿರುತ್ತವೆ, ಹಿಡಿದುಕೊಂಡು ಹೋಗಬಹುದು. ಕೂಸಿನ ಮುಖದಲ್ಲಿ ಗೆರೆಯೇ ಇಲ್ಲ, ಬರೀ ನೆರಳು. ಹತ್ತಿಯಿಂದ ಒರೆಸಿ ಒರೆಸಿ ತೆಳ್ಳಗೆ ಮಾಡಬೇಕು. ತುಟಿಯ ಮೇಲೆ ಒಂದು ಚೂರು ಕಪ್ಪು ಹೆಚ್ಚಾದರೆ ಕೂಸಿಗೆ ಮೀಸೆ ಬಂದು ಅದು ತನ್ನ ತಾತನ ಹಾಗೆ ಕಾಣುತ್ತದೆ. ಗುರುಗಳು ಹೇಳಿಕೊಟ್ಟ ನಿಯಮ ಒಂದೇ. “ಕಣ್ಣು ಕಡೀಗೆ ಬರಿ. ಮೊದಲ ಬರದಿ ಅಂದ್ರ ಅದು ನಿನ್ನ ನೋಡಾಕ ಶುರು ಮಾಡತೈತಿ. ಆಮ್ಯಾಲೆ ನೀ ಕೆಲಸ ಬಿಟ್ಟು ಅದನ್ನ ನೋಡ್ಕಂತ ಕೂಡತಿ.”

ಹೀಗಾಗಿ ಕೊನೆಯ ದಿನದವರೆಗೂ ನನ್ನ ಕೂಸುಗಳಿಗೆ ಗಲ್ಲ ಇರುತ್ತದೆ, ತುಟಿ ಇರುತ್ತದೆ, ಹಣೆಯ ಮೇಲೆ ಎಳೆ ಕೂದಲೂ ಇರುತ್ತದೆ. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ಬಿಳಿ ಗುಳಿ. ನನಗೆ ರೂಢಿಯಾಗಿದೆ. ಉಳಿದವರಿಗೆ ಆಗಿಲ್ಲ.

೧. ಕೆಮ್ಮಿದರೆ ಹೊರಳಬೇಕು

ಕುರುಗೋಡಿನಲ್ಲಿ ಒಂಟಿ ಗಂಡಸಿಗೆ, ಅದೂ ಮೊಣಕೈವರೆಗೆ ಕಪ್ಪು ಬಳಿದುಕೊಂಡವನಿಗೆ, ಬಾಡಿಗೆ ಮನೆ ಸಿಗುವುದು ಹುಡುಗಾಟವಲ್ಲ. ಒಬ್ಬರು “ಹೆಂಡ್ತಿ ಎಲ್ಲಿ?” ಅಂದರು. ಇನ್ನೊಬ್ಬರು “ಯಾವೂರು?” ಅಂದರು. ಎರಡಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಕಡೆಗೆ ಗುಡ್ಡದ ಬುಡದ ಒಂದು ಓಣಿಯಲ್ಲಿ, ಅರ್ಧ ತೆರೆದ ಬಾಗಿಲ ಹಿಂದಿನಿಂದ ಒಂದು ಮುದಿ ದನಿ ಕೇಳಿತು. “ಪಡಸಾಲಿ ಖಾಲಿ ಐತಿ. ಬೇಕಂದ್ರ ಇರು.”

ಸಂದಿಯಲ್ಲಿ ಸೆರಗಷ್ಟೇ ಕಂಡಿತು. ಹೆಸರು ಕೇಳಲಿಲ್ಲ, ಕುಲ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು. “ಬೆಳಿಗ್ಗೆ ಯಾವಾಗ ಏಳ್ತಿ?”

“ಯಾಕಜ್ಜಿ?”

“ನಾನು ಕೆಮ್ಮಿ ಹೊರಗ ಬರತೀನಿ. ಕೆಮ್ಮಿದ್ದು ಕೇಳಿದ ಕೂಡ್ಲೇ ಆ ಕಡಿ ಹೊಳ್ಳಿ ಮಲಕೋ.”

ಓಣಿಯ ತುದಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಅಂಗಡಿ. ಅಂಗಡಿಯಾತನಿಗೆ ಓಣಿಯ ಎಲ್ಲ ಮನೆಯ ಸುದ್ದಿಯೂ ಬೇಕು. ನಾನು ಎಲ್ಲಿ ಇಳಿದುಕೊಂಡಿದ್ದೇನೆ ಅಂತ ಹೇಳಿದ್ದೇ ತಡ, ಮಂಡಾಳು ಕಲಸುತ್ತಿದ್ದ ಕೈ ನಿಂತಿತು.

“ಆ ಮನ್ಯಾಗಾ? ಲೇ ಯಪ್ಪಾ, ಬೆಳಿಗ್ಗೆ ಎದ್ದು ಆಕಿ ಮುಖ ಮಾತ್ರ ನೋಡಬ್ಯಾಡ. ಆಕಿ ಹುಟ್ಟಿದಾಗ ಸೂಲಗಿತ್ತಿ ಕೂಸಿನ್ನ ಎತ್ತಿ ಹಡದಾಕಿಗೆ ತೋರಿಸಿದ್ಲಂತ. ಹಡದಾಕಿ ಒಮ್ಮೆ ಮುಖ ನೋಡಿದ್ಲಂತ, ಅಷ್ಟ. ಅಲ್ಲೇ ಪ್ರಾಣ ಬಿಟ್ಲು. ಅವತ್ತಿನಿಂದ ಈ ಓಣ್ಯಾಗ ಯಾರೂ ಮೊದಲು ಆಕಿ ಮುಖ ನೋಡಿ ಹೊರಗ ಹೋಗಂಗಿಲ್ಲ. ನಮ್ಮ ಸೊಸಿ ಬಸರಿ ಅದಾಳ. ಅದಕ ಬೇಗನ ಸಿರಿಗೇರಿಗೆ, ತವರಿಗೆ, ಕಳಿಸೀನಿ.”

ಮರುದಿನ ಬೆಳಿಗ್ಗೆ ಓಣಿಯ ಕವಾಯತು ನೋಡಿದೆ. ಒಳಗಿನಿಂದ ಕೆಮ್ಮು. ಹಾಲಿನವನು ಪಾಕೀಟನ್ನು ಕಟ್ಟೆಯ ಮೇಲಿಟ್ಟು ಬೆನ್ನು ತೋರಿಸಿ ನಿಂತ. ಕುಡತಿನಿಯ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೊರಟವರು ಗೋಡೆಯ ಕಡೆ ಮುಖ ಮಾಡಿ ಮೊಬೈಲು ನೋಡತೊಡಗಿದರು. ಎದುರು ಮನೆಯ ಸೊಸೆ ತನ್ನ ಕೂಸಿನ ಮುಖಕ್ಕೆ ಸೆರಗು ಹಾಕಿದಳು. ಒಂದು ಎಮ್ಮೆ ಮಾತ್ರ ನೋಡುತ್ತ ನಿಂತಿತ್ತು. ಅಜ್ಜಿ ಕಸ ಗುಡಿಸಿ, ನೀರು ಹೊಡೆದು, ರಂಗೋಲಿ ಎಳೆದು, ಒಳಗೆ ಹೋಗಿ ಇನ್ನೊಮ್ಮೆ ಕೆಮ್ಮಿದಳು. ಆಯಿತು, ತಿರುಗಿರಿ ಎನ್ನುವ ಹಾಗೆ. ಓಣಿ ತಿರುಗಿತು. ಯಾರೂ ಬೈಯಲಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅದಕ್ಕೇ ನನ್ನ ಮೈ ಜುಮ್ಮೆಂದಿತು.

ಸಂಜೆ ಅಂಗಡಿಯಾತ ನನ್ನ ಕೆಲಸ ನೋಡಲು ಪಡಸಾಲೆಗೆ ಇಣುಕಿದ. ಗೋಡೆಗೆ ಒರಗಿಸಿದ್ದ ಕೂಸುಗಳು ಬಿಳಿ ಗುಳಿಗಳಿಂದ ಅವನ ಕಡೆ ತಿರುಗಿದ್ದವು. ಅವನು ಹೊಸ್ತಿಲಿಂದ ಕಾಲು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಸಮಾಧಾನದ ಉಸಿರು ಬಿಟ್ಟ.

“ಈ ಮನ್ಯಾಗ ಬಾಡಿಗಿ ಇರಾಕ ಇಂಥಾ ಕೂಸುಗಳೇ ಸರಿ ಬಿಡಪಾ. ನೋಡೋ ಚಿಂತಿನ ಇಲ್ಲ.”

೨. ಸಿರುಗುಪ್ಪದ ಕೂಸು ತಿಂದದ್ದು

ಸಿರುಗುಪ್ಪದಲ್ಲಿ ಒಂದು ರೈಸ್‌ಮಿಲ್ಲಿನವರ ಮನೆ. ಹೊಸದಾಗಿ ಅಂಬೆಗಾಲಿಡುವ ಮೊಮ್ಮಗ. ಅವನ ಚಿತ್ರ ಬರೆದುಕೊಟ್ಟೆ. ಬರೆದ ಮೇಲೆ ಹೇರ್ ಸ್ಪ್ರೇ ಹೊಡೆದರೆ ಇದ್ದಿಲು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಅಳಿಸುವುದಿಲ್ಲ. ನಾನು ಡಬ್ಬಿ ಅಲ್ಲಾಡಿಸಿದ್ದೇ ಮನೆಯ ಹಿರಿಯಾಕೆ ಓಡಿಬಂದರು. “ಕೂಸಿನ ಮುಖಕ್ಕ ಔಷಧಿ ಹೊಡಿತೀಯೇನೋ? ಅದೇನು ಭತ್ತದ ಬೆಳಿ ಅಂತ ತಿಳಿದಿ?” ನಾನು ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಂದೆ.

ಸ್ವಲ್ಪ ದಿನಕ್ಕೆ ಫೋನು ಬಂತು. “ಬಂದು ನೋಡು. ನಿನ್ನ ಕೂಸು ನಮ್ಮ ಕೂಸಿನ್ನ ಬಿಡವಲ್ದು.”

ಹೋಗಿ ನೋಡಿದರೆ ಚಿತ್ರವನ್ನು ತೊಟ್ಟಿಲ ಎದುರು ಗೋಡೆಗೆ ಹಾಕಿದ್ದರು. ಕೂಸು ತೊಟ್ಟಿಲ ಅಂಚು ಹಿಡಿದು ಕೂತಿತ್ತು. ಅಳುವುದಿಲ್ಲ, ನಗುವುದಿಲ್ಲ, ಸುಮ್ಮನೆ ಚಿತ್ರ ನೋಡುತ್ತದೆ. ಚಿತ್ರದ ಕೂಸೂ ಅದನ್ನೇ ನೋಡುತ್ತದೆ. ದಿನವಿಡೀ ಹೀಗೇ ಅಂತೆ. ಚಿತ್ರವನ್ನು ಗೋಡೆ ಕಡೆ ತಿರುಗಿಸಿದರೆ ಕೂಸು ಕಿರುಚಿ ಕಿರುಚಿ ನೀಲಿಗಟ್ಟುತ್ತದೆ. ಈ ಕಡೆ ತಿರುಗಿಸಿದರೆ ಗಪ್‌ಚಿಪ್. ಮನೆಯವರೆಲ್ಲ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಕೂಸು ಕೇಳಿಸಿಕೊಳ್ಳಬಾರದು ಅಂತಲೋ, ಚಿತ್ರ ಕೇಳಿಸಿಕೊಳ್ಳಬಾರದು ಅಂತಲೋ.

“ಎರಡರಾಗ ಒಂದು ಕಣ್ಣು ಮುಚ್ಚಬೇಕು,” ಅಂದರು ಮಿಲ್ಲಿನ ಯಜಮಾನರು. “ನಮ್ಮದಂತೂ ಮುಚ್ಚವಲ್ದು. ನೀ ಬರದಿದ್ದನ್ನ ಮುಚ್ಚು.”

ಸರಿ, ನಿದ್ದೆ ಮಾಡುವ ಹಾಗೆ ತಿದ್ದಿದರಾಯಿತು ಅಂತ ಚಿತ್ರ ಇಳಿಸಿ, ಚೌಕಟ್ಟು ಬಿಚ್ಚಿ, ಚಾಪೆಯ ಮೇಲಿಟ್ಟೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಉಂಡು ಕೈ ತೊಳೆದು ಬರುವಷ್ಟರಲ್ಲಿ ಪಡಸಾಲೆ ನಿಶ್ಶಬ್ದವಾಗಿತ್ತು. ಕೂಸನ್ನು ಯಾರೋ ತೊಟ್ಟಿಲಿಂದ ಇಳಿಸಿದ್ದರು. ಅದು ಚಾಪೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಿತ್ತು. ಚಿತ್ರದಲ್ಲಿ ಎರಡು ಕಿವಿ, ಒಂದು ಕುಲಾವಿ ಉಳಿದಿದ್ದವು. ನಡುವೆ ಮುಖ ಇರಲಿಲ್ಲ. ಒದ್ದೆ ಕಾಗದ ಹೊಳೆಯುತ್ತಿತ್ತು. ಕೂಸು ನಿಧಾನಕ್ಕೆ ತಿರುಗಿತು. ಕಿವಿಯಿಂದ ಕಿವಿಗೆ ಕಪ್ಪು. ಆ ಕಪ್ಪಿನ ನಡುವೆ ಹೊಸದಾಗಿ ಮೂಡಿದ್ದ ಹಲ್ಲು ತೋರಿಸಿ ನಕ್ಕಿತು.

ಯಜಮಾನರು ಗೋಡೆ ಹಿಡಿದು ಕೂತರು. “ಇವತ್ತು ಯಾರ ಮುಖ ನೋಡಿ ಎದ್ದಿದ್ದಿಯೋ ಯಪ್ಪಾ!” ಅಂತ ನನ್ನನ್ನೇ ಕೇಳಿದರು.

ಹಿರಿಯಾಕೆ ಮಾತ್ರ ಸೆರಗಿನಿಂದ ಕೂಸಿನ ಬಾಯಿ ಒರೆಸುತ್ತ ಅಂದರು, “ಇರಲಿ ಬಿಡ್ರಿ. ತನ್ನ ಮುಖ ತಾನು ತಿಂದಾನ. ಮಂದಿ ಮುಖ ತಿಂದಿಲ್ಲಲ್ಲ.”

೩. ತಿದ್ದಿದ್ದು ಯಾವುದನ್ನು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯ ಒಬ್ಬ ಕಟಿಂಗ್ ಮಾಸ್ತರ ಮನೆಯಲ್ಲಿ ಅವಳಿ ಹೆಣ್ಣುಕೂಸು. ಅಚ್ಚು ಒಂದೇ. ಗುರುತಿಗೆ ಅಂತ ದೊಡ್ಡಾಕೆಗೆ ಬಲಗಲ್ಲಕ್ಕೆ, ಸಣ್ಣಾಕೆಗೆ ಎಡಗಲ್ಲಕ್ಕೆ ದೃಷ್ಟಿಬೊಟ್ಟು. ಅದು ಹುಟ್ಟಿದಾಗಿನಿಂದ ನಡೆದುಬಂದ ಕಾಯಿದೆ. “ಮೊದಲು ದೊಡ್ಡಾಕಿ ಚಿತ್ರ ಬರಿ,” ಅಂತ ತಾಯಿ ತಾನು ಕೂಸನ್ನು ಎತ್ತಿಕೊಂಡು ತೆಗೆದಿದ್ದ ಸೆಲ್ಫಿ ಕಳಿಸಿದಳು. ಕಂಡಿದ್ದನ್ನು ಕಂಡಂತೆ ಬರೆದೆ, ಬೊಟ್ಟು ಸಹಿತ.

ಚಿತ್ರ ಬಿಚ್ಚಿದಾಗ ಕೂಸುಗಳ ಅಜ್ಜ ಕನ್ನಡಕ ಏರಿಸಿದರು. “ಇದು ಸಣ್ಣಾಕಿ. ಬೊಟ್ಟು ಎಡಕ್ಕೈತಿ.”

“ಇಲ್ಲ ಮಾಮಾ, ನಾನ ಎತ್ತಿಕೊಂಡಿದ್ನಿ, ದೊಡ್ಡಾಕಿನ,” ಅಂದಳು ಸೊಸೆ.

“ಫೋಟೋ ಸುಳ್ಳು ಹೇಳತೈತೇನು? ಹಂಗಾದ್ರ ಅವತ್ತು ಅದಲು ಬದಲಾಗ್ಯಾವು.”

“ಅವತ್ತೋ,” ಅಂದರು ಮಾಸ್ತರು ಮೆಲ್ಲಗೆ, “ಅದಕಿಂತ ಮೊದಲೋ?”

ಮನೆ ತಣ್ಣಗಾಯಿತು. ಹಾಗಾದರೆ ಡಾಕ್ಟರು ಹೇಳಿದ ಟಾನಿಕ್ಕು ಕುಡಿದವಳು ಯಾರು? ಕಿವಿ ಚುಚ್ಚಿಸುವಾಗ ಅತ್ತವಳು ಯಾರು? ಹೆಸರು ಕರೆದಾಗ ಇಷ್ಟು ದಿನ ತಿರುಗಿ ನೋಡುತ್ತಿದ್ದದ್ದು ಯಾರು? ನಾನು ಎದ್ದು ನಿಂತು ವಿವರಿಸಿದೆ. ಮೊಬೈಲಿನ ಮುಂದಿನ ಕ್ಯಾಮೆರಾ ಕೆಲವು ಸಲ ಕನ್ನಡಿಯ ಹಾಗೆ ಎಡವನ್ನು ಬಲ ಮಾಡುತ್ತದೆ ಅಂತ. ನನ್ನದೇ ಸೆಲ್ಫಿ ತೆಗೆದು, ಎಡಕ್ಕಿದ್ದ ಅಂಗಿಯ ಜೇಬು ಬಲಕ್ಕೆ ಹೋದದ್ದನ್ನು ತೋರಿಸಿದೆ. ಅಜ್ಜ ಫೋಟೋ ನೋಡಿದರು, ಜೇಬು ನೋಡಿದರು, ನನ್ನಿಂದ ಸ್ವಲ್ಪ ದೂರ ಸರಿದು ಕೂತರು.

ಒಳಗಿನಿಂದ ಕೂಸುಗಳ ಅಜ್ಜಿ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಎರಡೂ ಕೂಸುಗಳನ್ನು ಹಾಸಿಗೆಯ ಮೇಲೆ ಪಕ್ಕಪಕ್ಕ ಮಲಗಿಸಿ, ಒದ್ದೆ ಸೆರಗಿನಿಂದ ಇಬ್ಬರ ಗಲ್ಲವನ್ನೂ ಒರೆಸಿಬಿಟ್ಟರು. ಆ ಒಂದು ಗಳಿಗೆ ಹಾಸಿಗೆಯ ಮೇಲೆ ಗುರುತಿಲ್ಲದ ಎರಡು ಮುಖಗಳಿದ್ದವು. ಯಾರು ಯಾರು ಅಂತ ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎರಡೂ ನನ್ನ ಕಡೆ ನೋಡಿದವು. ಎರಡೂ ಒಟ್ಟಿಗೇ ನಕ್ಕವು.

ಅಜ್ಜಿ ಕಾಡಿಗೆ ಡಬ್ಬಿ ತೆರೆದು ಹೊಸದಾಗಿ ಬೊಟ್ಟು ಇಟ್ಟರು. ಕೈಗೆ ಸಿಕ್ಕವಳನ್ನು ದೊಡ್ಡಾಕೆ ಅಂತ ಎಡಕ್ಕೆ, ಇನ್ನೊಬ್ಬಳನ್ನು ಸಣ್ಣಾಕೆ ಅಂತ ಬಲಕ್ಕೆ. ಚಿತ್ರದ ಪಕ್ಕ ಹಿಡಿದು ತಾಳೆ ನೋಡಿದರು. ನಾನು ರಬ್ಬರು ಹಿಡಿದು ನಿಂತದ್ದನ್ನು ಕಂಡು ಕೈ ಬೀಸಿದರು.

“ನೀ ಚಿತ್ರ ತಿದ್ದಾಕ ಹೋಗಬ್ಯಾಡಪಾ, ಕೆಡತೈತಿ. ನಾವು ಕೂಸು ತಿದ್ದೀವಿ.”

೪. ಗದ್ದದ ಕೆಳಗಿನ ಬೆರಳು

ಇಷ್ಟೆಲ್ಲ ಊರು ಸುತ್ತಿ ಪಡಸಾಲೆಗೆ ಬಂದರೆ ಅಲ್ಲಿ ಬೇರೆಯೇ ಶುರುವಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಣ್ಣಿಲ್ಲದ ಕೂಸುಗಳ ಗದ್ದದ ಕೆಳಗೆ ಒರೆಸಿದ ಗುರುತು. ಕೂಸನ್ನು ನಾವು ಮುದ್ದು ಮಾಡುವಾಗ ಎಲ್ಲಿ ಬೆರಳು ಇಡುತ್ತೇವೋ ಸರಿಯಾಗಿ ಅಲ್ಲಿ. ತಿದ್ದಿ ಸರಿ ಮಾಡುತ್ತಿದ್ದೆ. ಮರುದಿನ ಮತ್ತೆ. ಕಣ್ಣು ಬರೆದು ಮುಗಿಸಿದ ಚಿತ್ರಕ್ಕೆ ಮಾತ್ರ ಏನೂ ಆಗುತ್ತಿರಲಿಲ್ಲ.

ಒಗ್ಗರಣೆ ಅಂಗಡಿಯಾತನಿಗೆ ಹೇಳಿದೆ. “ಇಲಿ ಇರಬೇಕು,” ಅಂದ.

“ಇಲಿ ಗದ್ದ ಹಿಡದು ಮುದ್ದು ಮಾಡತೈತೇನ್ರಿ?”

ಅವನು ಮಿರ್ಚಿ ಕರಿಯುವುದು ಬಿಟ್ಟು ಗುಡ್ಡದ ಕಡೆ ನೋಡಿದ. “ಹಂಗಾದ್ರ ಆಕಿನ್ನ ಹಡದು ಸತ್ತ ತಾಯಿ ಇರಬೇಕು,” ಅಂದ. ಅವತ್ತು ನನಗೆ ಮಿರ್ಚಿ ರುಚಿಸಲಿಲ್ಲ.

ಒಂದು ದಿನ ನಸುಕಿನಲ್ಲಿ ಎಚ್ಚರವಾಯಿತು. ಕೆಮ್ಮು ಕೇಳಿರಲಿಲ್ಲ. ಆದರೆ ಪಡಸಾಲೆಯಲ್ಲಿ ಯಾರೋ ಬಹಳ ಸಣ್ಣ ದನಿಯಲ್ಲಿ ಜೋಗುಳದ ಹಾಗೆ ಏನೋ ಗುನುಗುತ್ತಿದ್ದರು. ಹೊದಿಕೆಯ ಅಂಚು ಸರಿಸಿ ನೋಡಿದೆ. ಅಜ್ಜಿ ಸೆರಗು ಇಳಿಸಿ, ಮುಖ ಬಿಟ್ಟುಕೊಂಡು, ಕುಕ್ಕರಗಾಲಿನಲ್ಲಿ ಚಿತ್ರಗಳ ಮುಂದೆ ಕೂತಿದ್ದಳು. ಒಂದೊಂದು ಕೂಸಿನ ಗದ್ದ ಮುಟ್ಟಿ ಮಾತಾಡಿಸುತ್ತಿದ್ದಳು.

“ಅಜ್ಜೀ,” ಅಂದೆ.

ಬೆಚ್ಚಿ ಸೆರಗು ಎಳೆದುಕೊಂಡಳು. ಆಮೇಲೆ, ಇನ್ನು ಮುಚ್ಚಿ ಏನು ಅನಿಸಿತೋ ಏನೋ, ಹಾಗೇ ಬಿಟ್ಟಳು.

“ಈ ಓಣ್ಯಾಗ ಎಷ್ಟು ಕೂಸು ಹುಟ್ಟಿದುವು ತಮ್ಮಾ. ಒಂದನ್ನೂ ಹತ್ರ ಹೋಗಿ ನೋಡಿಲ್ಲ. ನಾ ನೋಡಿದ್ರ ಅದೂ ನನ್ನ ನೋಡತೈತಲ್ಲ. ನಿನ್ನ ಕೂಸಿಗೆ ಕಣ್ಣು ಬರಾಗಂಟ ಭಯ ಇಲ್ಲ. ಬಂದ ಮ್ಯಾಲೆ ನಾ ಬರಂಗಿಲ್ಲ, ನೋಡಿಯಲ್ಲ?”

ಬೆಳಕು ಹರಿಯುತ್ತಿತ್ತು. ದಿನದ ಮೊದಲ ಮುಖ ಅಂತ ನಾನು ಅವಳನ್ನು ನೋಡಿಯಾಗಿತ್ತು. ಸಣ್ಣ ಮುಖ, ನೂರು ಮಡಿಕೆ, ಒಳಗೆ ಎರಡು ತಿಳಿಗಣ್ಣು. ನಾನು ಸತ್ತಿಲ್ಲ ಅಂತ ಗೊತ್ತುಮಾಡಿಕೊಳ್ಳಲು ಅವಳೂ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

“ಉಸಿರಾಡಾಕತ್ತಿಯಲ್ಲ?” ಅಂದಳು. “ಹಂಗಾದ್ರ ಚಹಾ ಮಾಡತೀನಿ.”

೫. ಅರ್ಧ ಕೆಲಸ

ಚಹಾ ಕೊಡುತ್ತ ಅಜ್ಜಿ ಕೇಳಿದಳು. “ಫೋಟೋ ಇಲ್ದನ ಕೂಸು ಬರಿಯಾಕ ಬರತೈತೇನು ನಿನಗ?”

“ಯಾರ ಕೂಸು?”

“ಆ ಕೂಸು ನಾನ. ನಾ ಕೂಸಿದ್ದಾಗ ಹೆಂಗಿದ್ನಿ, ಬರದು ತೋರಿಸು. ನಮ್ಮವ್ವ ಏನು ನೋಡಿ ಸತ್ಲು ಅಂತ ನಾ ಒಮ್ಮೆ ನೋಡಬೇಕು. ಅಷ್ಟು ಅಂಜಿಕಿ ಆಗಂಗ ಇದ್ರ ಇರಲಿ, ಮಂದಿ ಅಂದದ್ದು ಖರೇ ಅಂತ ಕಣ್ಣು ಮುಚ್ಚತೀನಿ. ಇಲ್ಲಾಂದ್ರ...”

ಎಂಬತ್ತರ ಹತ್ತಿರದ ಮುಖದಿಂದ ಕೂಸಿನ ಮುಖ ಹೊರಗೆ ತೆಗೆಯುವ ಕೆಲಸವನ್ನು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಇಷ್ಟು ಮುಖ ಬರೆದು ಒಂದು ಗೊತ್ತಾಗಿತ್ತು. ಮೂಗು ಕಿವಿ ಬೆಳೆಯುತ್ತವೆ, ಗಲ್ಲ ಇಳಿಯುತ್ತದೆ, ಚರ್ಮ ಸಡಿಲಾಗುತ್ತದೆ. ಹಣೆಯ ಉಬ್ಬು, ಎರಡು ಕಣ್ಣಿನ ನಡುವಿನ ಜಾಗ, ಮೇಲ್ದುಟಿಯ ಬಾಗು, ಇವು ತಮ್ಮ ಪಾಡಿಗೆ ಉಳಿದಿರುತ್ತವೆ. ಹೂಂ ಅಂದೆ.

ಅವತ್ತಿನಿಂದ ಬೆಳಿಗ್ಗೆಯ ಬೆಳಕಿನಲ್ಲಿ, ಬಾಗಿಲು ತೆರೆದಿಟ್ಟು, ಅಜ್ಜಿಯನ್ನು ಎದುರಿಗೆ ಕೂಡಿಸಿಕೊಂಡು ನೋಡುತ್ತ ಬರೆದೆ. ಓಣಿಯಲ್ಲಿ ಗುಲ್ಲೆದ್ದಿತು. ಒಗ್ಗರಣೆ ಅಂಗಡಿಯಾತ ಬೆನ್ನು ತಿರುಗಿಸಿಕೊಂಡೇ ಬಾಗಿಲವರೆಗೆ ಬಂದು, “ಬದುಕೀಯೇನಪಾ?” ಅಂತ ಕೇಳಿ ಹೋಗುತ್ತಿದ್ದ.

ಅಜ್ಜಿಗೆ ಮೊದಲು ಕೂರಲಿಕ್ಕೇ ಬರಲಿಲ್ಲ. ನಾನು ತಲೆ ಎತ್ತಿದರೆ ಅವಳು ತಲೆ ತಗ್ಗಿಸುತ್ತಿದ್ದಳು. “ಅಂಜಿಕಿ ಆದ್ರ ಹೇಳು, ಒಳಗ ಹೋಗತೀನಿ,” ಅನ್ನುತ್ತಿದ್ದಳು. ಇಷ್ಟು ಹೊತ್ತು ಒಬ್ಬರು ತನ್ನ ಮುಖ ನೋಡಿದ್ದು ಅವಳಿಗೆ ಇದೇ ಮೊದಲು.

ಕಾಗದದ ಮೇಲೆ ಹಣೆ ಬಂತು, ಗಲ್ಲ ತುಂಬಿತು, ಗದ್ದ ದುಂಡಗಾಯಿತು. ಅಂಥ ಹೊತ್ತಿನಲ್ಲಿ ಒಂದು ವಿಚಿತ್ರ. ನಾನು ನೋಡುತ್ತಿದ್ದದ್ದು ಮುದುಕಿಯನ್ನು, ಕೈ ಬರೆಯುತ್ತಿದ್ದದ್ದು ಕೂಸನ್ನು. ಒಂದೊಂದು ಸಲ ತಲೆ ಎತ್ತಿದರೆ ಎದುರಿಗೆ ಕೂತದ್ದೇ ಕೂಸು, ಸೀರೆ ಉಟ್ಟುಕೊಂಡು. ಇದ್ದಿಲು ಕೆಳಗಿಟ್ಟು ಕಣ್ಣುಜ್ಜಿಕೊಳ್ಳುತ್ತಿದ್ದೆ.

“ಬಾಳ ತ್ರಾಸ ಆಗತೈತೇನು?” ಅಂದಳು ಅಜ್ಜಿ.

“ನಿಮ್ಮನ್ನ ಸಣ್ಣದು ಮಾಡೋದು ಸುಲಭ ಅಲ್ಲಜ್ಜಿ.”

ಅಜ್ಜಿ ಬೊಚ್ಚುಬಾಯಿ ತೆರೆದು ಮೊದಲ ಸಲ ನಕ್ಕಳು. “ಹಲ್ಲಿಲ್ಲ. ಕೂದಲಿಲ್ಲ. ಹಿಡಕೊಳ್ಳದ ನಡಿಯಾಕ ಬರಂಗಿಲ್ಲ. ಅರ್ಧ ಕೆಲಸ ನಾನ ಮಾಡಿಕೊಟ್ಟೀನಲ್ಲೋ!”

೬. ಗ್ರಹಣ

ಕಣ್ಣು ಬರೆಯುವ ದಿನ ಯಾವುದು ಅಂತ ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಬೆಳಿಗ್ಗೆ ಓಣಿಗೆ ಓಣಿಯೇ ಮನೆ ಮುಂದೆ ನೆರೆದಿತ್ತು. ಹಡೆದವಳ ಪ್ರಾಣ ತೆಗೆದ ಆ ಕೂಸು ಇವತ್ತು ಕಣ್ಣು ಬಿಡುತ್ತದಂತೆ. ನೋಡಬಾರದು, ಆದರೆ ನೋಡದೆ ಇರಲೂ ಆಗದು. ಒಗ್ಗರಣೆ ಅಂಗಡಿಯಾತ ಸೂರ್ಯಗ್ರಹಣಕ್ಕೆ ಅಂತ ಎತ್ತಿಟ್ಟಿದ್ದ ತನ್ನ ಎಕ್ಸ್‌ರೇ ಫಿಲ್ಮು ತಂದು ಕಣ್ಣಿಗೆ ಹಿಡಿದು ನಿಂತಿದ್ದ. ಹಾಲಿನವನು ಹೆಲ್ಮೆಟ್ಟು ಹಾಕಿ ಕರೀ ಗಾಜು ಇಳಿಸಿದ್ದ. ಎದುರು ಮನೆಯ ಸೊಸೆ ಪರಾತದಲ್ಲಿ ಅರಿಶಿನ ನೀರು ತಂದಿಟ್ಟಿದ್ದಳು, ನೆರಳು ನೋಡಿದರೆ ದೋಷ ಇಲ್ಲ ಅಂತ.

ಅಜ್ಜಿ ಒಳಗೆ ಕದದ ಹಿಂದೆ ಕೂತಿದ್ದಳು. “ಮುಗದ ಮ್ಯಾಲೆ ಕರಿ,” ಅಂದಿದ್ದಳು.

ಕೂತು ಬರೆದೆ. ಎಡಗಣ್ಣು ಮುಗಿಯಿತು. ಬಲಗಣ್ಣಿನ ಪಾಪೆಯಲ್ಲಿ ಬೆಳಕಿನ ಚುಕ್ಕೆಗೆ ಜಾಗ ಬಿಟ್ಟು ಕೈ ತೆಗೆದೆ. ಗುರುಗಳು ಹೇಳಿದ್ದು ಖರೆ. ಕೂಸು ನೋಡತೊಡಗಿತು. ಚಿತ್ರವನ್ನು ಬೆಳಕಿಗೆ ತಿರುಗಿಸಿ ಗೋಡೆಗೆ ಒರಗಿಸಿದೆ.

ಹಿಂದೆ ಗುಸುಗುಸು ಶುರುವಾಯಿತು. “ಅದು ನನ್ನ ನೋಡವಲ್ದು,” ಅಂದ ಅಂಗಡಿಯಾತ. “ನನ್ನ ಹಿಂದ ಯಾರನ್ನೋ ನೋಡತೈತಿ.” ಹಾಲಿನವನು, “ನನ್ನ ಹಿಂದನೂ,” ಅಂದ. ಎದುರು ಮನೆಯ ಸೊಸೆ ಪರಾತದಿಂದ ತಲೆ ಎತ್ತಿ, “ನನ್ನ ಹಿಂದನೂ,” ಅಂದಳು. ಎಲ್ಲರೂ ಒಟ್ಟಿಗೇ ಹಿಂದೆ ತಿರುಗಿದರು. ಖಾಲಿ ಓಣಿ, ಆಚೆ ಗುಡ್ಡದ ಬಂಡೆಗಳು. ನಾನೂ ತಿರುಗಿದೆ, ಸುಳ್ಳೇಕೆ ಹೇಳಲಿ.

ಮತ್ತೆ ಮುಂದೆ ತಿರುಗುವಷ್ಟರಲ್ಲಿ ಅಜ್ಜಿ ಚಿತ್ರದ ಎದುರು ಬಂದು ನಿಂತಿದ್ದಳು. ಕೆಮ್ಮಿರಲಿಲ್ಲ. ಸೆರಗು ಹೆಗಲಿಗೆ ಇಳಿದಿತ್ತು. ಬಾಗಿದ ಬೆನ್ನಿಗೆ ಅವಳ ಮುಖ ಸರಿಯಾಗಿ ಕೂಸಿನ ಮುಖದ ಎತ್ತರಕ್ಕೆ ಬಂದಿತ್ತು. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

“ನನ್ನ ನೋಡಾಕತ್ತೈತಿ,” ಅಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದಳು. “ಇಷ್ಟ ಏನು?”

“ಇಷ್ಟ, ಅಜ್ಜಿ.”

“ಇಷ್ಟು ಸಣ್ಣ ಕೂಸು... ಕೈ ಎತ್ತಿ ನೊಣ ಹೊಡಿಯಾಕ ಬರಂಗಿಲ್ಲ ಇದಕ. ಇದು ಯಾರನ್ನ ಕೊಲ್ಲತೈತಿ?”

ಒಗ್ಗರಣೆ ಅಂಗಡಿಯಾತ ಎಕ್ಸ್‌ರೇ ಫಿಲ್ಮು ಇಳಿಸಿದ. ಚಿತ್ರದ ಹತ್ತಿರ ಬಂದ, ಬಗ್ಗಿದ, ಜೇಬಿನಿಂದ ಮೊಬೈಲು ತೆಗೆದ. ಅವನ ಸೊಸೆ ಸಿರಿಗೇರಿಯಲ್ಲಿ ಹಡೆದು ಕೆಲವೇ ದಿನವಾಗಿತ್ತು. ಮೊಮ್ಮಗಳ ಫೋಟೋವನ್ನು ಚಿತ್ರದ ಪಕ್ಕ ಹಿಡಿದ.

“ಲೇ ಇವನ,” ಅಂದ. “ನಮ್ಮನಿ ಕೂಸೂ ಹಿಂಗ ಐತಲ್ಲೋ. ಇದ ಮೂಗು, ಇದ ಬಾಯಿ.”

“ಎಲ್ಲಾ ಕೂಸೂ ಹಿಂಗ ಇರತಾವು,” ಅಂದಳು ಎದುರು ಮನೆಯ ಸೊಸೆ. ಪರಾತದ ನೀರು ಚೆಲ್ಲಿ, ತನ್ನ ಕೂಸನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿಗೆ ಎತ್ತಿಕೊಳ್ಳಲು ಬರಲಿಲ್ಲ. ಬಿಂದಿಗೆ ಹಿಡಿದ ಹಾಗೆ ಹಿಡಿದುಕೊಂಡಳು. ಕೂಸು ಅವಳ ಮುಖ ನೋಡಿತು. ಎಲ್ಲರೂ ಕಾದರು. ಕೂಸು ಆಕಳಿಸಿತು.

ಆಮೇಲೆ ಜನವೋ ಜನ. ಚಿತ್ರದ ಮುಂದೆ ನೂಕುನುಗ್ಗಲು. “ಎಷ್ಟು ಚಂದ ಐತಿ!” “ಗಲ್ಲ ನೋಡು, ಗಲ್ಲ!” ಅಜ್ಜಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಥಟ್ಟನೆ ಕೂಸನ್ನು ಅದರ ತಾಯಿಗೆ ಒಪ್ಪಿಸಿ, ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ನನ್ನ ಇದ್ದಿಲ ತುಂಡಿಗೆ ಬೆರಳು ಒತ್ತಿ, ಚಿತ್ರದ ಗಲ್ಲದ ಮೇಲೆ ದಪ್ಪಗೆ ಒಂದು ಬೊಟ್ಟು ಇಟ್ಟಳು.

“ಸರೀರಿ ಅತ್ಲಾಗ,” ಅಂದಳು. “ಕೂಸಿಗೆ ಎಲ್ಲಾರ ಕಣ್ಣೂ ಬಿದ್ದುವು.”

೭. ಕಟ್ಟಿದ ಚೀಲ

ಮುಗಿಯಿತು ಅಂದುಕೊಂಡೆ. ಆದರೆ ಎಂಬತ್ತು ವರ್ಷದಿಂದ ಓಣಿಯಲ್ಲಿ ಇದ್ದ ದೋಷ ಹಾಗೆ ಸುಮ್ಮನೆ ಎಲ್ಲಿಗೆ ಹೋಗುತ್ತದೆ? ಕೂಸಿನದಲ್ಲ ಅಂದಮೇಲೆ ಯಾರದೋ ಇರಲೇಬೇಕಲ್ಲ. ಒಗ್ಗರಣೆ ಅಂಗಡಿಯಲ್ಲಿ ಇದರ ಚರ್ಚೆ ನಡೆಯಿತು. ಅವರು ನಗಲಿ ಅಂತ ನಾನೇ ಹೇಳಿದ್ದ ಕತೆಗಳು ನನ್ನ ಮೇಲೇ ಸಾಕ್ಷಿಗೆ ಬಂದವು.

“ಸಿರುಗುಪ್ಪದಾಗ ಕೂಸು ತನ್ನ ಮುಖ ತಾನ ತಿಂತು. ಯಾರು ಹೋಗಿದ್ರು ಅಲ್ಲಿಗೆ? ಇವನು.”

“ಬಳ್ಳಾರ್ಯಾಗ ಅವಳಿ ಅದಲು ಬದಲು. ಅಲ್ಲೂ ಇವನ.”

“ಅಮಾವಾಸಿ ದಿನ ಮನಿ ಬಿಟ್ಟೋನಂತ. ಅವನ ಬಾಯಿಂದನ ಕೇಳೀನಿ.”

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಕಟ್ಟೆಗೆ ಬಂದೆ. ಹಾಲಿನವನು ಪಾಕೀಟು ಇಟ್ಟು ಬೆನ್ನು ತಿರುಗಿಸಿದ. ಕುಡತಿನಿ ಪಾಳಿಯವರು ಗೋಡೆಯ ಕಡೆ ನಿಂತು ಮೊಬೈಲು ತೆಗೆದರು. ಯಾರೂ ಬೈಯಲಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆ ಎಮ್ಮೆ ಮಾತ್ರ ನನ್ನನ್ನೇ ನೋಡುತ್ತ ನಿಂತಿತ್ತು. ಬೆನ್ನ ಮೇಲೆ ಅದೇ ತಣ್ಣನೆಯ ಬೆರಳು. ಈ ಸಲ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅವತ್ತೇ ಸಂಜೆ ಒಗ್ಗರಣೆ ಅಂಗಡಿಯಾತ ಅಜ್ಜಿಯ ಮನೆಗೆ ಬಂದ. ಕುಂಕುಮ, ಅಡಿಕೆ, ಎಲೆ. ಸಿರಿಗೇರಿಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. “ನೀವ ಮೊದಲು ಎತ್ತಿ ತೊಟ್ಟಲಕ್ಕ ಹಾಕಬೇಕು ನೋಡಮ್ಮ,” ಅಂದ. ಅವನು ಹೋದ ಮೇಲೆ ಅಜ್ಜಿ ಟ್ರಂಕು ತೆರೆದು ಸೀರೆ ಹುಡುಕುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನನ್ನ ಕಾಲೂ ತುರಿಸತೊಡಗಿತ್ತು. ಬೆಳಗಾಗುವಷ್ಟರಲ್ಲಿ ಇದ್ದಿಲು, ಹತ್ತಿ, ರಬ್ಬರು, ಸ್ಪ್ರೇ ಡಬ್ಬಿ ಎಲ್ಲ ಚೀಲಕ್ಕೆ ಹಾಕಿದೆ. ಕಣ್ಣಿಲ್ಲದ ಒಂದೆರಡು ಕೂಸುಗಳನ್ನು ರಟ್ಟಿನ ನಡುವೆ ಇಟ್ಟು ಹುರಿ ಕಟ್ಟಿದೆ. ಹೊರಗೆ ಸಿರಿಗೇರಿಗೆ ಹೊರಟ ಆಟೋ ಬಂದು ನಿಂತ ಸದ್ದಾಯಿತು. ಅಜ್ಜಿ ಅದಾಗಲೇ ಕಟ್ಟೆಯ ಮೇಲಿದ್ದಳು. ಒಳಗಿನಿಂದ ನನಗೆ ಕಂಡದ್ದು ಹೊಸ ಸೀರೆಯ ಬೆನ್ನು.

ಹೇಳಿ ಹೋಗಬೇಕಲ್ಲ. ಬಗಲಿಗೆ ಚೀಲ ಹಾಕಿಕೊಂಡು ಹೊಸ್ತಿಲ ಹತ್ತಿರ ಬಂದೆ. “ಬರತೀನಜ್ಜೀ,” ಅನ್ನಲು ಬಾಯಿ ತೆರೆಯುವಷ್ಟರಲ್ಲಿ, ಅವಳು ತಿರುಗದೆಯೇ ಕೈ ಹಿಂದಕ್ಕೆ ಚಾಚಿ ತಡೆದಳು.

“ತಮ್ಮಾ, ಅಲ್ಲೇ ಇರು. ಕೂಸಿನ ಕಾರ್ಯಕ್ಕ ಹೊಂಟೀನಿ, ಬೆಳಿಗ್ಗೆ ಬೆಳಿಗ್ಗೆ ನಿನ್ನ ಮುಖ ಯಾಕಪಾ? ಒಂಚೂರು ಕೆಮ್ಮಿ ಹೊರಗ ಬಾ.”

ನಾನು ಕೆಮ್ಮಿದೆ. ಓಣಿ ಹೊರಳಿತು. ನಾನು ಹೊರಟೆ.